ಅಪ್ಪನ ಕತ್ತಿಯ ಬಾಲ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಆರು ಕತ್ತಿಯ ಹಿಡಿಗೆ ತೊಗಲು ಸುತ್ತಿದೆ. ಬೆರಳು ಸೆಟೆದುಕೊಂಡಿವೆ. ಏಳನೆಯದರ ಮರದ ತೂತು ದೊಡ್ಡದಾಗಿದೆ, ಒಳಗೆ ಬೋಲ್ಟ್ ಲೊಡಲೊಡ ಅನ್ನುತ್ತದೆ. ತಮ್ಮನನ್ನು ಕರೆದು ತೋರಿಸಿದೆ.

"ಅಂಟು ತುಂಬಿದ್ರೆ ಕೂತ್ಕೊಳ್ಳುತ್ತೆ ಬಿಡಕ್ಕ."

"ಇದಕ್ಕೆ ತುಂಬಿ ಉಳಿದಿದ್ದನ್ನ ನಿನ್ನ ತಲೆಗೂ ತುಂಬ್ಕೋ. ಅಲ್ಲೂ ಲೊಡಲೊಡ ಅಂತಿದೆ."

"ಗೋಡೆಗೆ ನೇತುಹಾಕೋ ಕತ್ತಿ. ಯಾರು ಬೀಸ್ತಾರೆ ಅದನ್ನ?"

ಅದೇನೋ ನಿಜ. ನಾವು ಮಾಡುವ ನಕಲಿ ಕತ್ತಿಗಳಲ್ಲಿ ಮುಕ್ಕಾಲು ಪಾಲು ಗೋಡೆಗೇ ಹೋಗುತ್ತವೆ. ಅವುಗಳ ಅಲಗು ಹಿಡಿಯ ಮುಂದಿನ ಅಡ್ಡಪಟ್ಟಿ ದಾಟಿ ಎರಡು ಬೆರಳು ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ಅದರ ಬುಡಕ್ಕೊಂದು ಬೋಲ್ಟ್ ವೆಲ್ಡ್ ಮಾಡಿ, ತೂತು ಕೊರೆದ ಮರ ತೂರಿಸಿ, ಹಿಂದೆ ತೂಕಕ್ಕೊಂದು ಕಬ್ಬಿಣದ ಗುಂಡು ಕೂರಿಸಿ ನಟ್ ಬಿಗಿದರೆ ಆಯಿತು. ಮೇಲೆ ನನ್ನ ತೊಗಲು. ನೋಡುವವನಿಗೆ ಭಾರಿ ಗತ್ತು. ಬೀಸಿದರೆ ಹಿಡಿ ಕೈಯಲ್ಲಿ, ಅಲಗು ಪಕ್ಕದವನ ಮೇಲೆ. ನಾಟಕದವರು ಹೊಡೆದಾಡುವ ಕತ್ತಿಗೆ ಮಾತ್ರ ಬಾಲ ಬಿಡುತ್ತೇವೆ. ಅಂದರೆ ಅಲಗಿನ ಉಕ್ಕೇ ಸಣ್ಣಗಾಗುತ್ತ ಹಿಡಿಯೊಳಗೆ ಕೊನೆಯವರೆಗೆ ಹೋಗಬೇಕು, ಗುಂಡಿನಾಚೆ ಬಡಿಸಿಕೊಂಡು ಮೊಳೆಯ ತಲೆಯ ಹಾಗೆ ಅಗಲವಾಗಬೇಕು. ಹೊರಗಿನಿಂದ ಎರಡೂ ಒಂದೇ. ಒಳಗೆ ಏನಿದೆ ಅಂತ ಗೊತ್ತಿರುವುದು ಮಾಡಿದವನಿಗೆ, ಮುಚ್ಚಿದವಳಿಗೆ.

ಗೋಡೆಯ ಮೇಲಿನ ಅಪ್ಪನ ಕತ್ತಿ ತೋರಿಸಿದೆ. "ಅದನ್ನ ನೋಡು. ತಲೆಕೆಳಗಾಗಿ ನಿಂತ್ರೂ ಅಂಥದ್ದೊಂದು ಮಾಡೋಕಾಗಲ್ಲ ನಿನ್ ಕೈಲಿ."

ಎಂದಿನಂತೆ ಮಾತಾಡದೆ ಹೋದ. ಕೆಮ್ಮುತ್ತಲೇ ಹೋದ. ಬಾಯಲ್ಲಿ ಇನ್ನೂ ನಾಲ್ಕು ಮಾತಿದ್ದವು. ಇಲ್ಲಿ ಬರೆದೆ. ನೋಟ್‌ಬುಕ್ಕಿಗೆ ಬೇಜಾರಾಗುವುದಿಲ್ಲ.

ಮಾರ್ಚ್ 5, ಬುಧವಾರ

ತರಬೇತಿ ಶಾಲೆಯ ಪ್ರಿನ್ಸಿಪಾಲರಮ್ಮ ಬಂದಿದ್ದರು. ಜೊತೆಗೆ ದಪ್ಪ ಕನ್ನಡಕದ ಒಬ್ಬ. ವೆಲ್ಡಿಂಗ್ ಒಳಗೆ ಬಿರುಕು ಇದೆಯೋ ಇಲ್ಲವೋ ನೋಡಲು ಅವರಲ್ಲೊಂದು ಎಕ್ಸ್‌ರೇ ಮೆಷಿನ್ ಇದೆಯಂತೆ, ಅದರ ಉಸ್ತುವಾರಿ ಅವನದು. ಮನೆಯಲ್ಲಿ ಹೊಸ ಮಗು ಹುಟ್ಟಿದವನ ಹಾಗೆ ಅದರ ಮಾತೇ ಆಡುತ್ತಿದ್ದ.

ಶಾಲೆಯಲ್ಲಿ ನಾಟಕ-ಸಿನಿಮಾಕ್ಕೆ ಆಯುಧ ಮಾಡುವ ತರಗತಿ ಶುರುಮಾಡುತ್ತಿದ್ದಾರೆ. ಕಲಿಸಲು ಒಬ್ಬರು ಬೇಕು. ಅರ್ಜಿ ಹಾಕಿದವರು ಇಬ್ಬರು. ಒಬ್ಬ ನಮ್ಮವನು, ಇನ್ನೊಬ್ಬ ಪೇಟೆಯ ದೊಡ್ಡ ಅಂಗಡಿಯವನ ಅಳಿಯ. ಇಪ್ಪತ್ತನೇ ತಾರೀಖು ಇಬ್ಬರೂ ತಾವು ಮಾಡಿದ್ದರಲ್ಲಿ ಒಳ್ಳೆಯದೊಂದು ಕತ್ತಿ ತರಬೇಕು. ಹಿಡಿಯೊಳಗೆ ಹೇಗಿದೆ ಅಂತ ಎಕ್ಸ್‌ರೇ ತೆಗೆದು ನೋಡುತ್ತಾರಂತೆ.

ಈ ಕೆಲಸ ತಮ್ಮನಿಗೆ ಸಿಗಲೇಬೇಕು. ಮೂವತ್ತೈದು ವರ್ಷ ಸಾಣೆಚಕ್ರದ ಮುಂದೆ ಕೂತು ಎದೆಯಲ್ಲಿ ಉಕ್ಕಿನ ಧೂಳು ತುಂಬಿಕೊಂಡಿದ್ದಾನೆ. ಇನ್ನೊಂದು ವರ್ಷ ಆ ಚಕ್ರದ ಮುಂದೆ ಕೂತರೆ ಆಮೇಲೆ ನನ್ನ ಹತ್ತಿರ ಬರಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಇವನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಕಲಿಸುವ ಕೆಲಸವಾದರೆ ಬಾಯಿ ಸವೆದೀತು, ಎದೆ ಉಳಿದೀತು.

ಇವನ ನಾಟಕದ ಕತ್ತಿ ಒಂದನ್ನು ಪ್ರಿನ್ಸಿಪಾಲರಮ್ಮ ತಿರುಗಿಸಿ ನೋಡಿದರು. ಪರವಾಗಿಲ್ಲ ಅಂದರು. ಪರವಾಗಿಲ್ಲ ಅಂದರೆ ಸಾಲದು ಅಂತ ಅವರ ಮುಖ ಹೇಳುತ್ತಿತ್ತು. ಆಮೇಲೆ ಕಣ್ಣು ಗೋಡೆಗೆ ಹೋಯಿತು.

"ಅದು ಯಾರದು?"

"ನಮ್ಮಪ್ಪಂದು," ಅಂದ ತಮ್ಮ. "ತುದಿಯಿಂದ ಬುಡದವರೆಗೂ ಒಂದೇ ಉಕ್ಕು. ಎಲ್ಲೂ ಜೋಡಿಸಿದ್ದಿಲ್ಲ. ಹಿಡಿ ಅಕ್ಕಂದು, ಹದಿನಾಲ್ಕನೇ ವಯಸ್ಸಲ್ಲಿ ಸುತ್ತಿದ್ದು."

ಪ್ರಿನ್ಸಿಪಾಲರಮ್ಮ ಅದನ್ನು ಒಂದು ಬೆರಳ ಮೇಲೆ ತೂಗಿ ನೋಡಿದರು. ಮಲಗಿದ ಮಗುವಿನ ಹಾಗೆ ಅಲ್ಲಾಡದೆ ನಿಂತಿತು. "ಇದು ನೋಡಿ ಕತ್ತಿ ಅಂದ್ರೆ. ಇಂಥದ್ದು ಮಾಡೋರು ಸಿಕ್ಕಿದ್ರೆ ನಾನು ಇನ್ನೊಬ್ಬರ ಮುಖ ನೋಡ್ತಿರಲಿಲ್ಲ. ಇದನ್ನೂ ತನ್ನಿ ಅವತ್ತು. ಎಕ್ಸ್‌ರೇ ಫಿಲ್ಮ್ ತೆಗೆದು ಮಕ್ಕಳಿಗೆ ತೋರಿಸೋಣ."

"ಅದಕ್ಕೇನಂತೆ," ಅಂದ ತಮ್ಮ. ಎದೆ ಒಂದು ಅಂಗುಲ ಮುಂದೆ ಬಂತು.

ನನ್ನ ಕೈಯಲ್ಲಿದ್ದ ಕಾಫಿ ಕನ್ನಡಕದವನ ಪ್ಯಾಂಟಿನ ಮೇಲೆ ಹೋಯಿತು.

ಅದೇ ದಿನ, ಮಧ್ಯಾಹ್ನ ಮೂರು

ಬರೆದೇಬಿಡುತ್ತೇನೆ, ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದು.

ಆ ಕತ್ತಿಗೆ ಬಾಲ ಇಲ್ಲ. ಬೋಲ್ಟ್ ಇದೆ. ಐವತ್ತೆರಡು ವರ್ಷದ ಹಿಂದೆ ಅಪ್ಪ ಅದನ್ನು ಕಾಸಿ ಎಣ್ಣೆಗೆ ಅದ್ದಿದಾಗ ಬಾಲ ಟಣ್ ಅಂತ ಮುರಿಯಿತು. ಪ್ರದರ್ಶನಕ್ಕೆ ಎರಡೇ ದಿನ ಇತ್ತು. ಅಪ್ಪ ಆ ಜಾಗಕ್ಕೆ ಬೋಲ್ಟ್ ವೆಲ್ಡ್ ಮಾಡಿದರು. ನನಗೆ ಹದಿನಾಲ್ಕು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಅವರ ಕೈಕೆಳಗೆ ಇದ್ದೆ. ನಟ್ ಬಿಗಿದವಳು ನಾನು. ಮೇಲೆ ಹಿತ್ತಾಳೆ ಬಿಲ್ಲೆ ಕೂರಿಸಿ ಮುಚ್ಚಿದವಳೂ ನಾನು. "ಇದು ನಮ್ಮಿಬ್ಬರಲ್ಲೇ ಇರಲಿ ಮಗಳೇ," ಅಂದರು. ಪ್ರದರ್ಶನದಲ್ಲಿ ಬಹುಮಾನ ಬಂತು. ಆವತ್ತಿನಿಂದ ಒಂದೇ ಉಕ್ಕು, ಒಂದೇ ಉಕ್ಕು.

ತಮ್ಮ ಆಗ ಆರು ವರ್ಷದವನು. ಅಪ್ಪ ಹೇಳಿದ್ದೇ ವೇದ ಅವನಿಗೆ. ಯಾವನೋ ಗಿರಾಕಿ ಒಮ್ಮೆ "ಅದೂ ಬೋಲ್ಟೇ ಇರಬೇಕು" ಅಂದಿದ್ದಕ್ಕೆ ನಾಲ್ಕು ದಿನ ಅನ್ನ ಬಿಟ್ಟಿದ್ದ. ಇನ್ನು ಎಲ್ಲರೆದುರು ಫಿಲ್ಮಿನಲ್ಲಿ ಬೋಲ್ಟ್ ಕಂಡರೆ? ಸುಳ್ಳುಗಾರ ಅನ್ನಿಸಿಕೊಂಡವನನ್ನು ಯಾರು ಮಾಸ್ತರನನ್ನಾಗಿ ಮಾಡುತ್ತಾರೆ.

ಮಾರ್ಚ್ 8, ಶನಿವಾರ

ಅಪ್ಪನ ಕತ್ತಿ ಮನೆ ದಾಟಬಾರದು ಅಂತ ಹೇಳಿ ನೋಡಿದೆ.

"ಯಾಕೆ?"

"ಯಾಕೆ ಅಂದ್ರೆ ನಾನು ಹೇಳಿದ್ದಕ್ಕೆ."

"ಹೋದ ವರ್ಷ ಹಲ್ಲಿನ ಡಾಕ್ಟ್ರಿಗೆ ತೋರಿಸ್ತೀನಿ ಅಂತ ಬಸ್ಸಲ್ಲಿ ತಗೊಂಡು ಹೋಗಿದ್ದೆಯಲ್ಲ ನೀನೇ."

ಹೌದು, ಹೋಗಿದ್ದೆ. ಹದಿನಾಲ್ಕಕ್ಕೇ ಆ ಹಿಡಿ ಸುತ್ತಿದೆ ಅಂದರೆ ಆ ಡಾಕ್ಟ್ರು ನಂಬಿರಲಿಲ್ಲ. ಇವನಿಗೆ ಬೇಕಾದ್ದು ನೆನಪಿರುವುದಿಲ್ಲ, ಇಂಥದ್ದು ಇರುತ್ತದೆ.

ಮಧ್ಯಾಹ್ನ ಅವನು ಮಲಗಿದ್ದಾಗ ಕತ್ತಿ ಇಳಿಸಿ ನನ್ನ ಹಾಸಿಗೆಯ ಕೆಳಗೆ ಇಟ್ಟೆ.

ಮಾರ್ಚ್ 9, ಭಾನುವಾರ

ಸೊಂಟ ಹಿಡಿದುಕೊಂಡಿದೆ. ಅಡ್ಡಪಟ್ಟಿ ಸರಿಯಾಗಿ ಸೊಂಟದ ಕೆಳಗೇ ಬಂದಿತ್ತು.

ತಮ್ಮ ಇಡೀ ವರ್ಕ್‌ಶಾಪ್ ತಲೆಕೆಳಗು ಮಾಡಿದ. ಪೊಲೀಸಿಗೆ ಹೇಳುತ್ತೇನೆ ಅಂತ ಶರ್ಟು ಹಾಕಿಕೊಂಡು ಹೊರಟ. ಅಷ್ಟರಲ್ಲಿ ಅವನ ಹೆಂಡತಿ ಹಾಸಿಗೆ ಕೊಡವಲು ಬಂದಳು.

"ಅತ್ತಿಗೆ, ಹಾಸಿಗೆ ಕೆಳಗೆ ಕತ್ತಿ ಇದೆ."

"ಇರ್ಲಿ. ಕಳ್ಳರು ಬಂದ್ರೆ ಬೇಕಾಗುತ್ತೆ."

ಅವಳು ಏನೂ ಕೇಳಲಿಲ್ಲ. ತೆಗೆದುಕೊಂಡು ಹೋಗಿ ಗೋಡೆಗೆ ಹಾಕಿದಳು. ಒರೆಸಲು ಇಳಿಸಿದ್ದೆ ಅಂತ ಗಂಡನಿಗೆ ಹೇಳಿದಳು. ಅವನು ನನ್ನ ಹಾಸಿಗೆಯ ಕಡೆ ನೋಡಿ ಶರ್ಟು ಬಿಚ್ಚಿದ. ಅವಳು ಹೀಗೆಯೇ. ಏನು ಅಂದರೂ ಮಾತಾಡುವುದಿಲ್ಲ. ಮಾತಾಡದವರನ್ನು ಕಂಡರೆ ನನಗೆ ಇನ್ನೂ ಕೋಪ.

ಮಾರ್ಚ್ 13, ಗುರುವಾರ

ದಾರಿ ಸಿಕ್ಕಿತು. ಶನಿವಾರ ಬೆಳಿಗ್ಗೆ ತಮ್ಮ ತನ್ನ ಸ್ನೇಹಿತನ ಮಗಳ ಮದುವೆಗೆ ಹೋಗುತ್ತಾನೆ, ಬರುವುದು ಸೋಮವಾರ. ಅವನ ಹೆಂಡತಿಯನ್ನು ಅವಳ ತಂಗಿಯ ಮನೆಗೆ ಕಳಿಸಿದರೆ ಎರಡು ದಿನ ವರ್ಕ್‌ಶಾಪ್ ನನ್ನದು. ತೊಗಲು ಬಿಚ್ಚುತ್ತೇನೆ. ಬೋಲ್ಟ್ ಕತ್ತರಿಸಿ ಆ ಜಾಗಕ್ಕೆ ಉದ್ದನೆಯ ಪಟ್ಟಿ ವೆಲ್ಡ್ ಮಾಡಿ ನುಣ್ಣಗೆ ತೇಯ್ದುಬಿಡುತ್ತೇನೆ. ಕಣ್ಣಿಗಂತೂ ಕಾಣದು. ಎಕ್ಸ್‌ರೇಗೆ ಕಾಣುತ್ತದೋ ಏನೋ. ನಾಲ್ಕನೇ ಕ್ಲಾಸಿನವರೆಗೆ ಆ ಪಾಠ ಬಂದಿರಲಿಲ್ಲ.

ತಂಗಿಯನ್ನು ನೋಡಿಕೊಂಡು ಬಾ ಅಂತ ಅವಳಿಗೆ ನಯವಾಗಿ ಹೇಳಿದೆ. ನಾನು ನಯವಾಗಿ ಹೇಳಿದ್ದು ಕೇಳಿ ಹೆದರಿಕೊಂಡು, "ಹುಷಾರಿದ್ದೀರಾ ಅತ್ತಿಗೆ?" ಅಂದಳು.

ಮಾರ್ಚ್ 15, ಶನಿವಾರ, ಬೆಳಿಗ್ಗೆ ಹತ್ತು

ಇಬ್ಬರೂ ಹೋದರು. ಬಾಗಿಲಿಗೆ ಚಿಲಕ. ಕತ್ತಿ ಮೇಜಿನ ಮೇಲಿದೆ. ಅಪ್ಪನ ಫೋಟೊ ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಹನ್ನೊಂದೂಕಾಲು

ಹೊಲಿಗೆಯ ಉದ್ದಕ್ಕೆ ತೊಗಲು ಸೀಳಿದೆ. ಕೆಳಗೆ ಸೆಣಬಿನ ಹುರಿ ಇರಬೇಕು. ನಾನು ಸುತ್ತಿದ್ದು ಹುರಿ, ಚೆನ್ನಾಗಿ ನೆನಪಿದೆ, ಬೆರಳು ತರಚಿತ್ತು. ಇಲ್ಲಿರುವುದು ಬಟ್ಟೆಯ ಪಟ್ಟಿ. ಹಸಿರು, ಬಿಳಿ ಹೂವು.

ಈ ಬಟ್ಟೆ ನನಗೆ ಗೊತ್ತು. ನಮ್ಮ ಅಡುಗೆಮನೆಯ ಕಿಟಕಿಯ ಪರದೆ. ಇದು ಎಲ್ಲಿ ಹೋಯಿತು ಅಂತ ಮೂವತ್ತು ವರ್ಷದ ಹಿಂದೆ ತಮ್ಮನ ಹೆಂಡತಿಯ ಜೊತೆ ಜಗಳ ಆಡಿ ಎಂಟು ದಿನ ಮಾತು ಬಿಟ್ಟಿದ್ದೆ.

ಹನ್ನೆರಡು

ಬಿಲ್ಲೆ ತೆಗೆದೆ. ನಟ್ ಇಲ್ಲ. ಉಕ್ಕನ್ನು ಬಡಿದು ಅಗಲ ಮಾಡಿದ ತಲೆ. ಮರವನ್ನು ಎರಡು ಸೀಳಾಗಿ ಬಿಡಿಸಿದೆ. ಬೋಲ್ಟ್ ಇಲ್ಲ. ಬಾಲ ಇದೆ. ಅಡ್ಡಪಟ್ಟಿಯ ಕೆಳಗೆ ಎರಡು ಬೆರಳಗಲ, ಅಲ್ಲಿಂದ ಇಲಿಯ ಬಾಲದ ಹಾಗೆ ಸಣ್ಣಗಾಗುತ್ತ ಕೊನೆಯವರೆಗೆ. ಅಲಗೂ ಬಾಲವೂ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ತಿರುಗಿಸಿದ್ದಾನೆ. ಚೂಪು ಮೂಲೆ ಬಿಟ್ಟರೆ ಅಲ್ಲೇ ಬಿರುಕು ಬರುವುದು. ಅಪ್ಪನ ಬಾಲ ಮುರಿದದ್ದು ಅಲ್ಲೇ.

ತಿರುಗಿಸಿದ್ದಾನೆ ಅಂತ ಬರೆದೆ. ಹೌದು. ಅರದ ಗೀರುಗಳೆಲ್ಲ ಎಡಕ್ಕೆ ವಾಲಿವೆ. ಅಪ್ಪ ಬಲಗೈಯವರು. ಈ ಮನೆಯಲ್ಲಿ ಎಡಗೈಲಿ ಅರ ಹಿಡಿಯುವವನು ಒಬ್ಬನೇ.

ಮಧ್ಯಾಹ್ನ ಎರಡೂವರೆ

ಇದನ್ನು ಇಟ್ಟುಕೊಂಡು ಕೂತಿದ್ದಾಗ ಹಿಂಬಾಗಿಲಿನಿಂದ ತಮ್ಮನ ಹೆಂಡತಿ ಬಂದಳು. ತಂಗಿ ಊರಲ್ಲೇ ಇಲ್ಲವಂತೆ, ತಿರುಗಿ ಬಂದಿದ್ದಾಳೆ. ನಾನು ಮುಂಬಾಗಿಲಿಗೆ ಮಾತ್ರ ಚಿಲಕ ಹಾಕಿದ್ದೆ. ನನ್ನ ಬುದ್ಧಿ.

ಮೇಜು ನೋಡಿದಳು. ಚೀಲ ಕೆಳಗಿಟ್ಟಳು. "ಕೊನೆಗೂ ಬಿಚ್ಚಿದ್ರಾ," ಅಂದಳು.

"ಇದೇನೇ ಇದು?"

"ನಿಮಗೆ ಪಿತ್ತಕೋಶದ ಆಪರೇಷನ್ ಆಗಿತ್ತಲ್ಲ, ಹದಿನೈದು ದಿನ ಆಸ್ಪತ್ರೆಯಲ್ಲಿದ್ರಿ. ಆಗ."

ಹೇಳಿದಳು. ನಾನು ಆಸ್ಪತ್ರೆಗೆ ಹೋದ ಮಾರನೇ ದಿನ ಯಾರೋ ಗಿರಾಕಿ ಬಂದಿದ್ದಾನೆ. ಒಂದೇ ಉಕ್ಕಾದರೆ ಬೀಸಿ ತೋರಿಸಿ ಅಂದಿದ್ದಾನೆ. ನಮ್ಮ ಶೂರ ಬೀಸಿದ್ದಾನೆ. ಅಲಗು ಹಾರಿ ಹೋಗಿ ಗೋಧಿ ಮೂಟೆಯಲ್ಲಿ ನೆಟ್ಟಿದೆ. ಗಿರಾಕಿ ಚಪ್ಪಲಿ ಬಿಟ್ಟು ಓಡಿದ್ದಾನೆ. ಇವನ ಕೈಯಲ್ಲಿ ಉಳಿದದ್ದು ಹಿಡಿ, ಅದರಿಂದ ಇಣುಕುತ್ತಿದ್ದ ಬೋಲ್ಟ್.

"ಮೂಟೆಯಿಂದ ಅಲಗು ಕಿತ್ತು ತಂದ್ರು ಅತ್ತಿಗೆ. ಆಮೇಲೆ ಅಂದ್ರು, ಅಪ್ಪನ ಕತ್ತಿ ಹೀಗಿತ್ತು ಅಂತ ಅಕ್ಕಂಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ, ಆಪರೇಷನ್ ಬೇರೆ ಆಗಿದೆ, ಅಂತ. ಹನ್ನೆರಡು ದಿನ ಕೂತು ಹೊಸದು ಮಾಡಿದ್ರು. ಹಳೇ ಅಲಗಿನ ಮೇಲೆ ಎಷ್ಟು ಗೀರಿತ್ತೋ ಅಷ್ಟನ್ನೂ ಒಂದೊಂದಾಗಿ ಎಳೆದ್ರು. ನಾನು ದೀಪ ಹಿಡ್ಕೊಂಡಿದ್ದೆ."

"ತೊಗಲು?"

"ಅವರಿಗೆ ದಬ್ಬಳ ಹಿಡಿಯೋಕೆ ಬರಲ್ಲ. ನಾನು ಸುತ್ತಿದ್ದು. ಹುರಿ ಸಿಗಲಿಲ್ಲ, ಪರದೆ ಹರಿದೆ."

ಅಂದರೆ ಮೂವತ್ತು ವರ್ಷ ನಾನು ಬಂದವರಿಗೆಲ್ಲ ನನ್ನ ಮೊದಲ ಹಿಡಿ ಅಂತ ತೋರಿಸಿದ್ದು ಇವಳ ಕೆಲಸ. ಇವಳಿಗೆ ದಾರ ಹಿಡಿಯಲೂ ಬರುವುದಿಲ್ಲ ಅಂತ ಸೂಜಿ ಕಿತ್ತುಕೊಂಡದ್ದು ಅದೆಷ್ಟು ಸಲವೋ. ಒಂದು ಸಲವಂತೂ ಇದೇ ಹಿಡಿ ತೋರಿಸಿ, ನೋಡಿ ಕಲಿ ಅಂದಿದ್ದೆ.

"ಕಲಿತೀನಿ ಅತ್ತಿಗೆ ಅಂದಿದ್ದೆ ನಾನು," ಅಂದಳು. ನಗಲಿಲ್ಲ. ಕಣ್ಣು ಮಾತ್ರ ನಗುತ್ತಿತ್ತು.

"ಬೋಲ್ಟಿನ ವಿಷಯ ನಂಗೆ ಹದಿನಾಲ್ಕನೇ ವಯಸ್ಸಿಂದ ಗೊತ್ತು ಕಣೇ. ನಟ್ ಬಿಗಿದಿದ್ದೇ ನಾನು. ಅವನಿಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾನೆ ಅಂತ ಬಾಯಿ ಮುಚ್ಕೊಂಡಿದ್ದೆ."

ಆಗ ಅವಳು ಸ್ಟೂಲಿನ ಮೇಲೆ ಕೂತಳು. "ಒಂದೇ ಮನೆಯವರು ನೀವಿಬ್ರೂ, ಅದನ್ನ ಬೇರೆ ಹೇಳ್ಬೇಕಾಗಿಲ್ಲ," ಅಂದಳು. ಮೂವತ್ತೆರಡು ವರ್ಷದಲ್ಲಿ ಅವಳು ನನಗೆ ಬೈದದ್ದು ಇದೇ ಮೊದಲು. ಬೈಗುಳ ಚೆನ್ನಾಗಿತ್ತು.

ಮಾರ್ಚ್ 16, ಭಾನುವಾರ

ತಲೆಕೆಳಗಾಗಿ ನಿಂತರೂ ಮಾಡಲಾರೆ ಅಂತ ಅವನಿಗೆ ಅವನದೇ ಕತ್ತಿ ತೋರಿಸಿ ಬೈದಿದ್ದೇನೆ. ವಾರಕ್ಕೊಂದು ಸಲ ಅಂತ ಹಿಡಿದರೂ ಮೂವತ್ತು ವರ್ಷಕ್ಕೆ… ಗುಣಿಸಲು ಹೋಗಿ ಬಿಟ್ಟೆ. ಒಂದು ಸಲವಾದರೂ ತಿರುಗಿಸಿ ಅನ್ನಬಾರದೇ. ಸುಮ್ಮನೆ ಹೋಗುತ್ತಿದ್ದ, ಕತ್ತೆ.

ಎಕ್ಸ್‌ರೇಯ ಹೆದರಿಕೆ ಈಗಿಲ್ಲ. ಆದರೆ ಕತ್ತಿಯನ್ನು ಅಪ್ಪನದು ಅಂತ ತೋರಿಸಿ, ತನ್ನದು ಅಂತ ಆ ಪರವಾಗಿಲ್ಲದ ಕತ್ತಿ ಇಡುತ್ತಾನೆ. ಇಂಥದ್ದು ಮಾಡುವವರು ಸಿಕ್ಕರೆ ಇನ್ನೊಬ್ಬರ ಮುಖ ನೋಡುವುದಿಲ್ಲ ಅಂತ ಪ್ರಿನ್ಸಿಪಾಲರಮ್ಮ ಅವನ ಎದುರೇ ಅಂದರು. ಅವನು ಅಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ. ಇಪ್ಪತ್ತನೇ ತಾರೀಖೂ ಬಿಡುವುದಿಲ್ಲ. ಕೆಲಸ ಅಳಿಯನಿಗೆ ಹೋಗುತ್ತದೆ. ಇವನು ವಾಪಸು ಸಾಣೆಚಕ್ರಕ್ಕೆ.

"ನಾವು ಹೇಳ್ಬಿಡೋಣ್ವಾ?" ಅಂದಳು ಅವನ ಹೆಂಡತಿ.

"ಅವನಿಗೆ ಮೊದಲೇ ಹೇಳಿದ್ರೆ ಅವತ್ತು ಬರೋದೇ ಇಲ್ಲ. ಜ್ವರ ಅಂತ ಮಲಗ್ತಾನೆ."

ಮತ್ತೆ ತೊಗಲು ಸುತ್ತುತ್ತೇನೆ ಅಂತ ದಬ್ಬಳ ತಂದಳು. ಬೇಡ ಅಂದೆ. ಬರಿಮೈಯಲ್ಲೇ ಹೋಗಲಿ. ಕತ್ತಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳಕ್ಕೆ ಹದಿನಾರು ಮೊಳೆ ಹೊಡೆದೆ.

ಮಾರ್ಚ್ 17, ಸೋಮವಾರ

ತಮ್ಮ ಬಂದ. ಗೋಡೆ ನೋಡಿದ, ಪೆಟ್ಟಿಗೆ ನೋಡಿದ.

"ಮೂರು ದಿನ ಮುಂಚೆಯೇ ಪ್ಯಾಕ್ ಮಾಡಿದ್ದೀಯ. ಕತ್ತಿ ಮನೆ ದಾಟಬಾರದು ಅಂತಿದ್ದೆ?"

"ಮನಸ್ಸು ಬದಲಾಯ್ತು."

"ನಿಂದಾ?"

ಹೋಗಿ ಕಾಲು ತೊಳ್ಕೋ ಅಂದೆ.

ಮಾರ್ಚ್ 20, ಗುರುವಾರ, ಸಂಜೆ

ಕ್ರಮವಾಗಿ ಬರೆಯುತ್ತೇನೆ.

ದೊಡ್ಡ ಕೋಣೆ, ಉದ್ದನೆಯ ಮೇಜು. ಅದರಾಚೆ ಪ್ರಿನ್ಸಿಪಾಲರಮ್ಮ, ಕನ್ನಡಕದವನು, ಬಾಯಿ ಬಿಡದ ಇನ್ನೊಬ್ಬರು. ಅಳಿಯನ ಸರದಿ ಮೊದಲು ಮುಗಿದಿತ್ತು. ಅವನ ಕತ್ತಿಗೆ ಬಾಲವೇನೋ ಇತ್ತಂತೆ. ಬಾಗಿಲಲ್ಲಿ ನಮ್ಮನ್ನು ನೋಡಿ ನಕ್ಕ. ಹಲ್ಲು ಎಣಿಸುವಷ್ಟು ನಕ್ಕ.

ತಮ್ಮ ತನ್ನ ನಾಟಕದ ಕತ್ತಿ ಇಟ್ಟ. ಕನ್ನಡಕದವನು ಅದನ್ನು ಎತ್ತಿಕೊಂಡು ಒಳಗೆ ಓಡಿದ, ಬಂದ. ಬಾಲ ಸರಿಯಾಗಿದೆ ಅಂದ. "ಪರವಾಗಿಲ್ಲ," ಅಂದರು ಅಮ್ಮ. ಮತ್ತೆ ಅದೇ ಪರವಾಗಿಲ್ಲ. "ಇನ್ನು ನಿಮ್ಮ ತಂದೆಯವರ ಕತ್ತಿ ನೋಡೋಣ."

ಹದಿನಾರು ಮೊಳೆ ಕೀಳಲು ಹೊತ್ತಾಯಿತು. ಯಾರು ಹೊಡೆದಿದ್ದು ಇಷ್ಟೊಂದು ಅಂತ ಗೊಣಗುತ್ತ ತಮ್ಮನೇ ಕಿತ್ತ. ಮುಚ್ಚಳ ಎತ್ತಿದ. ಹಿಡಿ ಇಲ್ಲ, ತೊಗಲಿಲ್ಲ, ಬಾಲ ಬತ್ತಲೆ. ಪಕ್ಕದಲ್ಲಿ ಮರದ ಎರಡು ಸೀಳು, ಹಸಿರು ಪರದೆ. ಮುಚ್ಚಳ ಮತ್ತೆ ಹಾಕಲು ಹೋದ.

"ಫಿಲ್ಮ್ ಬೇಡ. ಕಣ್ಣಲ್ಲೇ ನೋಡಿ," ಅಂದೆ. "ಇದು ನಮ್ಮಪ್ಪ ಮಾಡಿದ್ದಲ್ಲ. ಇವನು ಮಾಡಿದ್ದು."

"ಹಾಗಾದರೆ ನನ್ನ ಮೆಷಿನ್…" ಅಂದ ಕನ್ನಡಕದವನು.

"ಅಪ್ಪಂದೇ ಇದು," ಅಂದ ತಮ್ಮ. "ಅಕ್ಕಂಗೆ ಈಚೆಗೆ ಮರೆವು ಜಾಸ್ತಿ. ಕತ್ತಿ ಹಾಸಿಗೆ ಕೆಳಗೆ ಇಟ್ಕೊಂಡು ಮಲಗ್ತಾಳೆ."

"ಮರೆವು ನಿನ್ನಜ್ಜಿಗೆ. ಅಪ್ಪನ ಕತ್ತಿಲಿ ಬೋಲ್ಟ್ ಇತ್ತು. ನಾನೇ ನಟ್ ಬಿಗಿದಿದ್ದು."

ಅವನು ನನ್ನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ನಿಂಗೆ ಗೊತ್ತಿತ್ತಲ್ಲ, ನೀನ್ಯಾಕೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?"

"ನೀನು ಅನ್ನ ಬಿಡ್ತೀಯ ಅಂತ."

"ನೀನು ಸಾಯ್ತೀಯ ಅಂತ."

"ಸತ್ತಿದ್ರೇನೇ ಚೆನ್ನಾಗಿತ್ತು, ಮೂವತ್ತು ವರ್ಷ ಆ ಪೆದ್ದು ಮಾತು ಆಡ್ತಾ ಇರಲಿಲ್ಲ."

"ಸ್ವಲ್ಪ ಕೂತ್ಕೊಂಡು ಮಾತಾಡಿ ಇಬ್ರೂ," ಅಂದರು ಅಮ್ಮ. ನಾವು ಎದ್ದು ನಿಂತದ್ದು ನಮಗೇ ಗೊತ್ತಾಗಿರಲಿಲ್ಲ. ಆಮೇಲೆ ಅವರು ಒಳ್ಳೆಯ ಪ್ರಶ್ನೆ ಕೇಳಿದರು. ತಂದೆಯದು ಅಂತ ಮೊದಲು ಹೇಳಿ ಈಗ ಇವರದು ಅಂದರೆ ನಾವು ನಂಬುವುದು ಹೇಗೆ? ಕೆಲಸಕ್ಕಾಗಿ ಹೇಳುತ್ತಿಲ್ಲ ಅಂತ ಏನು ಖಾತ್ರಿ?

ಬಾಲದ ಮೇಲಿನ ಗೀರು ತೋರಿಸಿದೆ. ಎಡಗೈಯ ಅರ ಎಡಕ್ಕೆ ವಾಲುತ್ತದೆ ಅಂದೆ. ಚೀಲದಿಂದ ಒಂದು ಅರ, ಒಂದು ಕಬ್ಬಿಣದ ತುಂಡು ತೆಗೆದು ತಮ್ಮನ ಮುಂದೆ ಇಟ್ಟೆ. "ಉಜ್ಜು."

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಆರು ವರ್ಷದವನಿದ್ದಾಗ ಔಷಧಿ ಬೇಡ ಅನ್ನುವಾಗ ಹೀಗೆಯೇ ನಿಲ್ಲುತ್ತಿದ್ದ.

"ಅಪ್ಪನ ಮರ್ಯಾದೆ ತೆಗೀಬೇಡಕ್ಕ."

ತಲೆಗೊಂದು ಕೊಟ್ಟೆ. ಐವತ್ತೆಂಟು ವರ್ಷದ ತಲೆ, ಸದ್ದು ಹಾಗೆಯೇ ಇದೆ. "ಅಪ್ಪ ಮುರಿದ ಬಾಲಕ್ಕೆ ಬೋಲ್ಟ್ ಹಾಕಿದ್ರು. ಎರಡೇ ದಿನ ಇದ್ದಿದ್ರೆ ನೀನೂ ಅದನ್ನೇ ಮಾಡ್ತಿದ್ದೆ. ಮರ್ಯಾದೆ ಏನು ಹೋಗಲ್ಲ. ಅವರಿಗೆ ಆಗದೇ ಇದ್ದಿದ್ದು ನಿಂಗಾಯ್ತು, ಅಷ್ಟೇ. ಉಜ್ಜು."

ಅವನು ಅರ ತೆಗೆದುಕೊಂಡ. ಎಡಗೈಲಿ. ಹತ್ತು ಸಲ ಉಜ್ಜಿದ. ಅಮ್ಮ ತುಂಡನ್ನು ಬಾಲದ ಪಕ್ಕ ಹಿಡಿದು ನೋಡಿದರು, ಬಾಯಿ ಬಿಡದವರ ಕೈಗೆ ಕೊಟ್ಟರು. ಅವರು ಬೆಳಕಿಗೆ ಹಿಡಿದರು, ಉಗುರಿನಿಂದ ಗೀರು ಸವರಿದರು. ಮೊದಲ ಸಲ ಬಾಯಿ ಬಿಟ್ಟರು: "ಒಂದೇ ಕೈ."

"ಮೂಲೆ ಗುಂಡಗೆ ಯಾಕೆ ತಿರುಗಿಸಿದ್ರಿ?" ಅಂತ ಅಮ್ಮ ತಮ್ಮನನ್ನು ಕೇಳಿದರು.

ತಮ್ಮ ನೆಲ ನೋಡುತ್ತ ಶುರು ಮಾಡಿದ. ಚೂಪು ಮೂಲೆಯಲ್ಲಿ ಪೆಟ್ಟಿನ ಭಾರವೆಲ್ಲ ಒಂದೇ ಕಡೆ ಬೀಳುತ್ತೆ ಅಂದ. ಮರ ಸಡಿಲ ಇದ್ದರೆ ಹೇಗೆ, ಗುಂಡು ಹಗುರ ಆದರೆ ಹೇಗೆ, ಬಡಿದ ತಲೆ ತೆಳುವಾದರೆ ಹೇಗೆ. ಹೇಳುತ್ತ ಹೇಳುತ್ತ ತಲೆ ಎತ್ತಿದ. ಮುಕ್ಕಾಲು ಗಂಟೆ. ಕೆಮ್ಮು ಬಂದದ್ದು ಎರಡೇ ಸಲ. ಕನ್ನಡಕದವನು ಬರೆದುಕೊಳ್ಳುತ್ತಿದ್ದ. ಕೊನೆಗೆ ತಡೆಯಲಾರದೆ ಆ ಬತ್ತಲೆ ಬಾಲವನ್ನೂ ಎತ್ತಿಕೊಂಡು ಹೋಗಿ ಫಿಲ್ಮ್ ತೆಗೆದುಕೊಂಡು ಬಂದ. ಎಲ್ಲರಿಗೂ ಕಾಣುವುದನ್ನೇ ತೋರಿಸಿ ಖುಷಿಪಟ್ಟ.

ತಿಳಿಸುತ್ತೇವೆ ಅಂದರು. ಬಸ್ಸಿನಲ್ಲಿ ತಮ್ಮ ನನ್ನಿಂದ ನಾಲ್ಕು ಸೀಟು ದೂರ ಕೂತ.

ಮಾರ್ಚ್ 27, ಗುರುವಾರ

ಒಂದು ವಾರದಿಂದ ನೇರ ಮಾತಿಲ್ಲ. "ಅಕ್ಕಂಗೆ ಹೇಳು, ತೊಗಲು ಬಂದಿದೆ." "ಅವನಿಗೆ ಹೇಳು, ಕಣ್ಣಿದೆ ನಂಗೆ." ಅವನ ಹೆಂಡತಿ ನಡುವೆ ನಿಂತು ಎರಡನ್ನೂ ಮೆತ್ತಗೆ ಮಾಡಿ ದಾಟಿಸುತ್ತಾಳೆ. ಇವತ್ತು ಅವಳಿಗೂ ಸಾಕಾಯಿತು. "ಅವರು ಏನೋ ಅಂದ್ರು, ನೀವೇ ಕೇಳ್ಕೊಳ್ಳಿ," ಅಂತ ಮಾರ್ಕೆಟ್ಟಿಗೆ ಹೋದಳು.

ಏಪ್ರಿಲ್ 2, ಬುಧವಾರ

ಶಾಲೆಯಿಂದ ಕಾಗದ ಬಂತು, 1ನೇ ತಾರೀಖಿನದು. ಯಾರೋ ಏಪ್ರಿಲ್ ಫೂಲ್ ಮಾಡಿದ್ದಾರೆ ಅಂತ ತಮ್ಮ ಒಡೆಯಲೇ ಇಲ್ಲ. ಅವನ ಹೆಂಡತಿ ಒಡೆದಳು, ಓದಿದಳು, ಒಲೆ ಆರಿಸಿ ಬಂದು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಕೆಲಸ ಇವನಿಗೇ. ಹದಿನೈದನೇ ತಾರೀಖಿನಿಂದ.

ತಮ್ಮ ವರ್ಕ್‌ಶಾಪಿಗೆ ಹೋದ. ಸಾಣೆಚಕ್ರದ ಬೆಲ್ಟ್ ಬಿಚ್ಚಿ ಮೊಳೆಗೆ ನೇತುಹಾಕಿದ. ಹೊರಗೆ ಬಂದು ನನ್ನ ಮುಂದೆ ನಿಂತ.

"ಬೋಲ್ಟ್ ಎಷ್ಟು ಉದ್ದ ಇತ್ತಕ್ಕ, ಸರಿಯಾಗಿ ಹೇಳು. ಹುಡುಗ್ರಿಗೆ ಹೇಳ್ಬೇಕು."

"ಗೇಣು. ಅದಕ್ಕಿಂತ ಒಂದು ಬೆರಳು ಕಮ್ಮಿ."

"ಹ್ಞೂ. ನಾನು ನೋಡಿದಾಗಲೂ ಅಷ್ಟೇ ಇತ್ತು."

ಅಷ್ಟೇ. ಮಾತು ಶುರುವಾಯಿತು.

ಏಪ್ರಿಲ್ 6, ಭಾನುವಾರ

ಕತ್ತಿಗೆ ಮತ್ತೆ ಮರ ಕೂರಿಸಿ ತೊಗಲು ಸುತ್ತಿದ್ದು ಅವನ ಹೆಂಡತಿ. ದಾರ ಹಿಡಿದುಕೊಂಡದ್ದು ನಾನು. ಮೂರನೇ ಸುತ್ತು ಸ್ವಲ್ಪ ಸಡಿಲ ಅಂದೆ. ಬಿಚ್ಚಿ ನೋಡಿದೆವು. ಸಡಿಲ ಇರಲಿಲ್ಲ. ಹೊಸ ಪರದೆ ತಂದುಕೊಡುತ್ತೇನೆ ಅಂದೆ. ನಕ್ಕಳು. ಅವಳು ನಕ್ಕರೆ ಸದ್ದು ಬರುತ್ತದೆ ಅಂತ ಗೊತ್ತಿರಲಿಲ್ಲ.

ಅವಳಿಗೆ ಹೇಳಬೇಕಾದ್ದು ಹಾಗೆ ಹೇಳಿದಂತಾಯಿತು. ತಮ್ಮನಿಗೆ ಇನ್ನೂ ಇಲ್ಲ. ಮೂವತ್ತು ವರ್ಷ ಅಂದದ್ದನ್ನು ವಾಪಸು ತೆಗೆದುಕೊಳ್ಳಬೇಕು. ಎಲ್ಲರೆದುರು ಹೇಳಿದ್ದು ಲೆಕ್ಕಕ್ಕಿಲ್ಲ. ಅದು ಅವರಿಗೆ ಹೇಳಿದ್ದು. ಇದು ಎರಡೇ ಶಬ್ದ, ಕತ್ತಿ ಚೆನ್ನಾಗಿದೆ ಅಂತ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಹೇಳಲು ಹೋದೆ. "ಆ ಕತ್ತಿ ಇದೆಯಲ್ಲ," ಅಂದೆ. "ಹ್ಞಾ?" ಅಂದ. "ಧೂಳು ಹಿಡಿದಿದೆ, ಒರೆಸು," ಅಂತ ಬಾಯಿಗೆ ಬಂತು.

ಏಪ್ರಿಲ್ 11, ಶುಕ್ರವಾರ

ಮತ್ತೆ ಹೋದೆ. ಗಡ್ಡ ಬೋಳಿಸುತ್ತಿದ್ದ. ಗಡ್ಡದ ವಿಷಯವಾಗಿ ಬೈದು ಬಂದೆ. ಈ ಬಾಯಿಗೆ ಒಂದೇ ದಾರಿ ಗೊತ್ತು.

ಏಪ್ರಿಲ್ 15, ಮಂಗಳವಾರ, ಸಂಜೆ ಐದೂವರೆ

ಇವತ್ತು ಮೊದಲ ಕ್ಲಾಸು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದಾನೆ. ಗೋಡೆಯ ಕತ್ತಿಯನ್ನೂ ಒಯ್ದಿದ್ದಾನೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಅವನ ಹೆಂಡತಿಯ ಮುಂದೆ ನಿಂತು ಹೇಳಿ ಅಭ್ಯಾಸ ಮಾಡಿದೆ. ಮುಖ ಅಷ್ಟು ಗಂಟು ಹಾಕಬೇಡಿ ಅತ್ತಿಗೆ, ಹೊಡೆಯಲು ಬಂದ ಹಾಗಿದೆ ಅಂದಳು. ಎರಡನೇ ಸಲ ಪರವಾಗಿಲ್ಲ ಅಂದಳು. ಮೂರನೇ ಸಲ ಸರಿಹೋಯಿತು.

ಗೇಟಿನ ಸದ್ದು. ಬಂದ. ಈಗಷ್ಟೇ ಒರೆಸಿದ ಮೆಟ್ಟಿಲ ಮೇಲೆ ಮಣ್ಣುಕಾಲಲ್ಲೇ ಹತ್ತುತ್ತಿದ್ದಾನೆ. ಇರಲಿ. ಮೊದಲು ಕತ್ತಿಯ ಮಾತು, ಕಾಲಿನ ಮಾತು ಆಮೇಲೆ. ಬಾಗಿಲಲ್ಲಿ ನಿಂತಿದ್ದಾನೆ. ಸಂತೋಷವಾಗಿದ್ದಾನೆ. ಏನು ಬರೀತಿದ್ದೀಯಕ್ಕ ಅಂತಾನೆ. ತಲೆ ಎತ್ತದೆ ಹೇಳಿದರೆ ಸುಲಭ. ನೋಡೋ, ಆ ನಿನ್ನ ಕತ್ತಿ